ಮಗಳ ನಕ್ಷೆ, ನನ್ನ ಮೊದಲ ಮತ

ಆ ಭಾನುವಾರ ನ್ಯೂಜೆರ್ಸಿಯ ಎಡಿಸನ್ನಿನಲ್ಲಿರುವ ನಮ್ಮ ಮನೆಯ ಊಟದ ಮೇಜಿನ ಮೇಲೆ ಉಪ್ಪಿಟ್ಟಿನ ತಟ್ಟೆ ಇಡಲು ಜಾಗವಿರಲಿಲ್ಲ. ಇಡೀ ಅಮೆರಿಕ ಅಲ್ಲಿ ಹರಡಿಕೊಂಡಿತ್ತು. ಹನ್ನೆರಡನೇ ತರಗತಿಯ ಮಗಳು ಅನಘಾ ಶಾಲೆಯ ಪ್ರಾಜೆಕ್ಟಿಗೆಂದು ರಾಜ್ಯಗಳ ಗಡಿಗಳನ್ನೆಲ್ಲ ಅಳಿಸಿ, ಅಧ್ಯಕ್ಷೀಯ ಚುನಾವಣೆಗೆ ಹೊಸ ಪ್ರಾಂತ್ಯಗಳನ್ನು ಗೀಚುತ್ತಿದ್ದಳು. ಒಂದೇ ನಗರಕ್ಕೆ ಕೆಲಸಕ್ಕೆ ಹೋಗುವವರದೆಲ್ಲ ಒಂದು ಪ್ರಾಂತ್ಯ, ಪ್ರತಿ ಪ್ರಾಂತ್ಯಕ್ಕೂ ಜನಸಂಖ್ಯೆಗೆ ತಕ್ಕಷ್ಟು ಎಲೆಕ್ಟೊರಲ್ ಮತ, ಅಂದರೆ ಕೊನೆಗೆ ಅಧ್ಯಕ್ಷರನ್ನು ಆರಿಸುವ ಮತ. ಎಡಿಸನ್, ಹೋಬೋಕನ್, ಮ್ಯಾನ್‌ಹಟನ್ ಒಂದೇ ಬಣ್ಣಕ್ಕೆ ತಿರುಗಿದವು. ದಿನವೂ ಮ್ಯಾನ್‌ಹಟನ್ನಿನ ರೈಲಿನಲ್ಲಿ ಅವರಿವರ ಮೊಣಕೈಯಿಂದ ತಿವಿಸಿಕೊಳ್ಳುವ ನನಗೆ ಇದು ನ್ಯಾಯವೆಂದೇ ಕಂಡಿತು.

ನಿಮ್ಮಲ್ಲಿ ಮುಚ್ಚಿಡುವುದೇನು, ನಲವತ್ತೇಳಾದರೂ ನಾನು ಒಮ್ಮೆಯೂ ಮತ ಹಾಕಿದವನಲ್ಲ. ಮೈಸೂರಿನ ಮತದಾರರ ಪಟ್ಟಿಗೆ ಹೆಸರು ಸೇರುವಷ್ಟರಲ್ಲಿ ವಿಮಾನ ಹತ್ತಿದ್ದೆ. ಇಲ್ಲಿ ಗ್ರೀನ್ ಕಾರ್ಡಿಗೆ ಕಾಯುತ್ತಲೇ ತಲೆ ನರೆಯಿತು. ನಮ್ಮ ಕನ್ನಡ ಕೂಟದಲ್ಲೋ, ಯಾರ ಮನಸ್ಸೂ ನೋಯಬಾರದೆಂದು ಪ್ರತಿವರ್ಷ ಅವಿರೋಧ ಆಯ್ಕೆ, ಆಮೇಲೆ ಬಿಸಿಬೇಳೆಬಾತು. ಪೌರತ್ವ ಸಿಕ್ಕ ಮೇಲೆ ಇದೇ ಮೊದಲ ಚುನಾವಣೆ. ಆದರೆ ನ್ಯೂಜೆರ್ಸಿಯ ಫಲಿತಾಂಶ ಎಲ್ಲರಿಗೂ ಮೊದಲೇ ಗೊತ್ತಿರುವಾಗ ಹೋಗಿ ಮಾಡುವುದೇನೆಂದು ಮನಸ್ಸು ಹಿಂದೇಟು ಹಾಕುತ್ತಿತ್ತು. ನದಿಯಾಚೆ, ಯಾರು ಗೆಲ್ಲುವರೋ ಹೇಳಲಾಗದ ಪೆನ್ಸಿಲ್ವೇನಿಯಾದಲ್ಲಿರುವ ಹೆಂಡತಿಯ ತಮ್ಮ ಗಿರೀಶನ ಬಾಗಿಲನ್ನು ಪ್ರಚಾರದವರು ದಿನಕ್ಕೆರಡು ಸಲ ತಟ್ಟುತ್ತಿದ್ದರು. ನಮಗೆ ಒಂದು ಕರಪತ್ರವೂ ಇಲ್ಲ. ನಿಜ ಹೇಳಬೇಕೆಂದರೆ, ನನಗೆ ಹೊಟ್ಟೆಕಿಚ್ಚಾಗಿತ್ತು.

ಮಗಳ ಕೈಯಿಂದ ಪೆನ್ಸಿಲ್ ಕಸಿದು ಗಿರೀಶನ ಊರನ್ನೂ ನಮ್ಮ ಪ್ರಾಂತ್ಯಕ್ಕೆ ಎಳೆದುಕೊಂಡೆ. ಫೋನು ಮಾಡಿ ತಿಳಿಸಿದಾಗ ಅವನು ಗಾಬರಿಯಾದ.

“ಬೇಡಿ ಭಾವ, ನಮ್ಮನ್ನ ಸೇರಿಸ್ಕೋಬೇಡಿ. ಈಗೇನೋ ನಮ್ಮ ವೋಟಿಗೆ ಸ್ವಲ್ಪ ಮರ್ಯಾದೆ ಇದೆ.”

ಅವನೆಂದದ್ದು ಸರಿಯೇ. ಗಡಿಯನ್ನು ಎಲ್ಲಿ ಎಳೆದರೂ, ಒಳಗಿನ ಮತಗಳೆಲ್ಲ ಗೆದ್ದವರ ಪಾಲಾಗುವ ತನಕ, ಯಾರೋ ಒಬ್ಬರು ಮುಳುಗಲೇಬೇಕು; ನಾನು ಕೆರೆಯನ್ನು ದೊಡ್ಡದು ಮಾಡಿದ್ದೆ, ಅಷ್ಟೆ.

“ಯಾವ ಮ್ಯಾಪಲ್ಲೂ ನಾನು ಲೆಕ್ಕಕ್ಕಿಲ್ಲ ಕಣೇ. ನಾನು ಹೋಗಲ್ಲ,” ಎಂದೆ.

ಅನಘಾ ತಲೆಯೆತ್ತಿದಳು. ಚುನಾವಣೆ ಮುಗಿದ ಒಂಬತ್ತನೇ ದಿನಕ್ಕೆ ಅವಳಿಗೆ ಹದಿನೆಂಟು ತುಂಬುತ್ತದೆ. ಈ ನೆಲದಲ್ಲೇ ಹುಟ್ಟಿದವಳು ಅಧ್ಯಕ್ಷರ ಆಯ್ಕೆಗೆ ಮತ ಹಾಕಲು ಇನ್ನೂ ನಾಲ್ಕು ವರ್ಷ ಕಾಯಬೇಕು.

“ಅಪ್ಪಾ, ಯು ಗೆಟ್ ಟು ಗೋ,” ಎಂದಳು. “ಐ ಡೋಂಟ್.” ಅವಳ ಕಣ್ಣು ತುಂಬಿತ್ತು. ನನಗೆ ನಾಚಿಕೆಯಾಯಿತು.

ಮಂಗಳವಾರ, ಮತದಾನದ ದಿನ, ಆಫೀಸಿನ ರೈಲು ಬಿಟ್ಟು, ಅವಳನ್ನೂ ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಂತೆ. ಅವಳು ಬಾಗಿಲ ಬಳಿಯೇ ಉಳಿದಳು. ಒಳಗೆ ಒಂದೊಂದು ಹೆಸರನ್ನೂ ಎರಡೆರಡು ಸಲ ಓದಿದೆ, ಮೊದಲ ಸಲವಲ್ಲವೇ. ಮತ ಹಾಕಿದವರಿಗೆ ಕೊಡುವ ಪುಟ್ಟ ಸ್ಟಿಕ್ಕರನ್ನು ಅಂಗಿಗೆ ಅಂಟಿಸಿಕೊಂಡು ಹೊರಬಂದೆ. ಯಾರಿಗೆ ಹಾಕಿದೆಯೆಂದು ಅವಳು ಕೇಳಲಿಲ್ಲ. ಸ್ಟಿಕ್ಕರನ್ನು ಮೆಲ್ಲಗೆ ಬಿಡಿಸಿ ತನ್ನ ಕೋಟಿಗೆ ಅಂಟಿಸಿಕೊಂಡಳು.