ಓಡಲಾಗದ ಎರಡು ತಿಂಗಳು

"ಜಾರಿ ಬಿದ್ರ ಹಿಂಗ ಆಗಂಗಿಲ್ಲ ಅಕ್ಕಾ. ನೀ ಓಡೀದಿ."

ಮಾಲೀಸಿನ ಖಾಸೀಂಬಿ ನನ್ನ ಎಡತೊಡೆಯ ಹಿಂಭಾಗವನ್ನು ಒಮ್ಮೆ ಒತ್ತಿ ಇಷ್ಟು ಹೇಳಿದಳು. ಪಕ್ಕದಲ್ಲೇ ಎಣ್ಣೆ ಬಟ್ಟಲು ಹಿಡಿದು ನಮ್ಮ ಅತ್ತೆ ಕೂತಿದ್ದರು. ಬಾವಿಕಟ್ಟೆಯಲ್ಲಿ ಜಾರಿದೆ ಎಂದು ಮೂರು ದಿನದಿಂದ ನಾನು ಹೇಳುತ್ತಿದ್ದ ಸುಳ್ಳು ಅಲ್ಲಿಗೆ ಮುಗಿಯಿತು.

"ತಾಲೀಮಿನ ಪೈಲ್ವಾನರಿಗೆ ಆಗೋ ನೋವು ಇದು. ನರ ಹರದೈತಿ. ಎರಡು ತಿಂಗಳು ಓಟ ಬಂದ್!"

ಹೌದು, ಓಡುತ್ತೇನೆ. ಆದೋನಿಯ ಹತ್ತಿ ವ್ಯಾಪಾರಿಯ ಮನೆಯ ಸೊಸೆ, ಮೂವತ್ತೆರಡು ವರ್ಷದವಳು, ಸೀರೆಯ ಕಚ್ಚೆ ಬಿಗಿದು ಓಡುತ್ತೇನೆ. ನಗುವವರು ನಕ್ಕುಬಿಡಿ, ಕಾಯುತ್ತೇನೆ. (ಈ ಬರಹ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಯಜಮಾನರಿಗೂ ಗೊತ್ತಾಗುತ್ತದೆ. ಆಗಲಿ.)

ಬಳ್ಳಾರಿಯ ಹೈಸ್ಕೂಲಿನಲ್ಲಿ ನನ್ನನ್ನು ಹಿಂದೆ ಹಾಕುವ ಹುಡುಗಿ ಇರಲಿಲ್ಲ. ಹದಿನಾರಕ್ಕೆ ಮದುವೆಯಾಯಿತು, ಓಟ ನಿಂತಿತು. ಹೋದ ವರ್ಷ ಒಂದು ನಸುಕಿನಲ್ಲಿ ಬೆಟ್ಟದ ಬುಡದ ಬಸವಣ್ಣನ ಗುಡಿಗೆ ಹೋದಾಗ ಒಣಗಿದ ಕೆರೆಯಂಗಳ ಖಾಲಿ ಬಿದ್ದಿತ್ತು. ಕಾಲು ತಾನಾಗಿಯೇ ಹೊರಟಿತು. ಅಂದಿನಿಂದ ವಾರಕ್ಕೆರಡು ಸಲ ಗುಡಿಯ ನೆಪ, ಆರು ಸುತ್ತು ಓಟ. (ಈ ಮಹಾಯುದ್ಧದಿಂದಾಗಿ ಸೀಮೆಎಣ್ಣೆ ಸಿಗದೆ ಬೀದಿದೀಪ ಹಚ್ಚುತ್ತಿಲ್ಲ. ಊರಿಗೆಲ್ಲ ತೊಂದರೆ, ನನಗೊಬ್ಬಳಿಗೆ ಅನುಕೂಲ.) ಹಾಗೆ ಓಡುತ್ತಿದ್ದಾಗಲೇ, ಐದನೆಯ ಸುತ್ತಿನಲ್ಲಿ, ತೊಡೆಯ ಹಿಂದೆ ಏನೋ ಪಟ್ಟೆಂದಿತ್ತು.

ಖಾಸೀಂಬಿ ಹೋದ ಮೇಲೆ ಅತ್ತೆ ಕೇಳಿದರು. "ಯಾರರ ಬೆನ್ನ ಹತ್ತಿದ್ರೇನ?"

"ಇಲ್ರಿ."

"ಮತ್ತ್ಯಾಕ ಓಡಿದಿ?"

"ಓಡಿದ್ರ ಎದಿ ಹಗುರ ಆಗ್ತೈತ್ರಿ."

"ಅಯ್ಯೋ ದೇವುಡಾ!" ಎಂದು ಎದ್ದು ಒಳಗೆ ಹೋದರು. ಎರಡು ದಿನ ಎಣ್ಣೆ ಬಟ್ಟಲನ್ನು ಮಂಚದ ಬಳಿ ಇಟ್ಟು ಹೊರಟುಹೋಗುತ್ತಿದ್ದರು.

ಉಪ್ಪಿನ ಗಂಟಿನ ಶಾಖ, ಎಣ್ಣೆ, ಮಂಚ. ನಸುಕಿಗೆ ಸರಿಯಾಗಿ ಎಚ್ಚರವಾಗುತ್ತಿತ್ತು. ಹೊದಿಕೆಯೊಳಗೆ ಕಾಲ್ಬೆರಳುಗಳು ಅಲ್ಲಾಡುತ್ತಿದ್ದವು. ಹತ್ತಿಯ ಗಾಡಿಗಳು ಮೂಟೆ ಒತ್ತುವ ಪ್ರೆಸ್ಸಿನ ಕಡೆ ಹೋಗುವ ಸದ್ದು ಕೇಳುತ್ತ ಮಲಗಿರುತ್ತಿದ್ದೆ. ಓಣಿಯಲ್ಲಿ ಆಡಿನ ಮರಿ ಓಡಿದರೂ ಹೊಟ್ಟೆಕಿಚ್ಚು!

ನನಗೆ ಬೇಕಿದ್ದದ್ದು ವೇಗವಲ್ಲ. ಮೂರನೆಯ ಸುತ್ತಿನಲ್ಲಿ ಉಸಿರೂ ಹೆಜ್ಜೆಯೂ ಕೂಡಿಕೊಳ್ಳುತ್ತವೆ. ಆಗ ನನ್ನನ್ನು ಯಾರೂ ಕರೆಯುವುದಿಲ್ಲ. ಆ ಮೂರನೆಯ ಸುತ್ತು ಬೇಕಿತ್ತು.

ಒಂದು ತಿಂಗಳಾಗುವಷ್ಟರಲ್ಲಿ ಪಡಸಾಲೆಯಿಂದ ಅಡುಗೆಮನೆಗೆ ನಡೆಯತೊಡಗಿದೆ. "ಆರಾಮಾತಲ್ಲ!" ಎಂದರು ಯಜಮಾನರು. ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು. ಒಲೆಯವರೆಗೆ ನಡೆದರೆ ಹೆಂಗಸಿನ ಕಾಲು ವಾಸಿಯಾದಂತೆಯೇ?

ಒಂದು ಮಧ್ಯಾಹ್ನ ಎಣ್ಣೆ ಹಚ್ಚುತ್ತಿದ್ದ ಅತ್ತೆ ಮೆಲ್ಲಗೆ ಕೇಳಿದರು. "ಓಡೋ ಮುಂದ ಕಿವ್ಯಾಗ ಗಾಳಿ ಬರ್ತೈತೇನ?"

"ಬರ್ತೈತ್ರಿ."

"ನಂಗ ಒಂಬತ್ತಕ್ಕ ಲಗ್ನಾತು. ಓಡಿದ್ದು ನೆಪ್ಪಿಲ್ಲ ನೋಡು." ಅವರ ಕೈ ನನ್ನ ಕಾಲಿನ ಮೇಲೆ ಸುಮ್ಮನೆ ನಿಂತಿತ್ತು.

ಎರಡು ತಿಂಗಳು ತುಂಬಿತು. ಹೋದ ಸೋಮವಾರ ನಸುಕಿಗೆ ಅವರೇ ಎಬ್ಬಿಸಿದರು. "ಏಳು, ಗುಡಿಗಿ ಹೋಗೋಣು."

ಗುಡಿಯೊಳಗೆ ಹೋಗದೆ ಅತ್ತೆ ನೇರವಾಗಿ ಕೆರೆಯ ಏರಿ ಹತ್ತಿದರು. ನಾನು ಕೆಳಗಿಳಿದೆ. ನಲವತ್ತು ಹೆಜ್ಜೆಗೆ ತೊಡೆ ಸೆಳೆಯಿತು. ನಿಂತೆ, ನಡೆದೆ, ಮತ್ತೆ ಓಡಿದೆ. ಅರ್ಧ ಸುತ್ತಿಗೇ ಕಾಲು ಸಾಕೆಂದಿತು. ಮೂರನೆಯ ಸುತ್ತು ಇನ್ನೂ ಎಷ್ಟು ದೂರ! ಕಣ್ಣು ತುಂಬಿತು. ಮೂಗು ಒರೆಸಿಕೊಂಡು ಇನ್ನೊಂದಿಷ್ಟು ಓಡಿದೆ.

ಅಷ್ಟರಲ್ಲಿ ಏರಿಯ ಮೇಲೆ ಕುರಿ ಹೊಡೆದುಕೊಂಡು ಒಬ್ಬ ಬಂದ. "ಏನಮ್ಮಾ, ನಿಮ್ಮ ಸೊಸಿ ಯಾಕ ಓಡಾಕತ್ಯಾಳ?" ಎಂದು ಅತ್ತೆಯನ್ನು ಕೇಳಿದ.

ನಾನು ಸೆರಗು ಎಳೆದುಕೊಂಡು ನಿಂತೆ.

"ನಮ್ಮ ಎಮ್ಮಿ ಹಗ್ಗ ಹರಕೊಂಡು ಹೋಗೈತಪ್ಪಾ, ಹಿಡ್ಯಾಕ ಹೊಂಟಾಳ," ಎಂದರು ಅತ್ತೆ, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

"ಹಂಗಾದ್ರ ಜಲ್ದಿ ಓಡು ತಾಯಿ!" ಎಂದು ಕೂಗಿ ಅವನು ದಾಟಿಹೋದ.

ನಮ್ಮ ಮನೆಯಲ್ಲಿ ಎಮ್ಮೆಯೇ ಇಲ್ಲ.