ಅಕ್ಕನ ಬಾಣಂತನಕ್ಕೆ ಮಾಳಿಗೆ ರಿಪೇರಿ

ಅಕ್ಕನನ್ನು ಹೆರಿಗೆಗೆ ಕರೆತರುವ ಮಾತಾಡಲು ಸವದತ್ತಿಗೆ ಹೋಗಿದ್ದ ಅಪ್ಪ ಮುಖ ಸಣ್ಣ ಮಾಡಿಕೊಂಡು ಬಂದ. "ನಿಮ್ಮ ಮನಿ ಸೋರತೈತಿ, ಹಸಿ ಬಾಣಂತೀನ್ನ ಎಲ್ಲಿ ಮಲಗಸ್ತೀರಿ, ಇಲ್ಲೇ ಹೆರಲಿ ಅಂದ್ರು ಬೀಗರು" ಎಂದ.

ಚೊಚ್ಚಲ ಹೆರಿಗೆ ತವರಿನಲ್ಲಾಗದಿದ್ದರೆ ಅವ್ವ ಓಣಿಯಲ್ಲಿ ತಲೆ ಎತ್ತಿ ತಿರುಗುವುದು ಹೇಗೆ? ಒಲೆಯ ಮುಂದಿನಿಂದ ಏಳದೆಯೇ, "ಮಳಿ ಹಿಡಿಯೂದ್ರಾಗ ಮಾಳಿಗಿ ರಿಪೇರಿ ಆಗತೈತಿ ಅಂತ ಹೇಳಿ ಕಳಸ್ರಿ" ಎಂದಳು. ಮಾಡುವವರು ಯಾರು ಎಂದು ಯಾರೂ ಕೇಳಲಿಲ್ಲ. ನನಗೆ ಮೊದಲೇ ಗೊತ್ತಿತ್ತು, ಮನೆಯಲ್ಲಿರುವ ಹೆಂಗಸರಿಬ್ಬರು, ಅವ್ವ ಮತ್ತು ನಾನು. ಅಪ್ಪನಿಗೆ ಬೈಲಹೊಂಗಲದ ಅರಳೆ ಗಿರಣಿಯಲ್ಲಿ ಕೆಲಸ, ವಾರಕ್ಕೊಂದು ರಜೆ. ಅದು ಎಪ್ಪತ್ತರ ದಶಕ, ಸಿಮೆಂಟಿಗೆ ಪರ್ಮಿಟ್ಟು ಬೇಕು, ಪರ್ಮಿಟ್ಟಿಗೆ ಗುರುತಿನವರು ಬೇಕು. ನಮಗೆ ಗಾರೆ ಕೆಲಸದ ಗೌಂಡಿಯನ್ನು ಕರೆಸುವ ಶಕ್ತಿಯೂ ಇರಲಿಲ್ಲ.

ನಮ್ಮ ಕಡೆಯ ಮಾಳಿಗೆಯೆಂದರೆ ತೊಲೆ, ಜಂತಿ, ಅದರ ಮೇಲೆ ಮಣ್ಣು. ಪ್ರತಿ ವರ್ಷ ಮಳೆಗಿಂತ ಮುಂಚೆ ಒಂದಿಷ್ಟು ಸವಳು ಮಣ್ಣು ಹಾಕಿ ತುಳಿಯುತ್ತಾರೆ. ಉಪ್ಪುಪ್ಪಾದ ಆ ಮಣ್ಣು ನೀರು ಇಳಿಯಗೊಡುವುದಿಲ್ಲ. ಹಾಕುವುದು ಎಲ್ಲರಿಗೂ ಗೊತ್ತು, ತೆಗೆಯುವುದು ಯಾರಿಗೂ ಗೊತ್ತಿಲ್ಲ. ನಮ್ಮಜ್ಜ ಹಾಕಿದ, ಅವನಪ್ಪ ಹಾಕಿದ. ಒಳಕೋಣೆಯ ಮೇಲೆ ಮಣ್ಣು ನನ್ನ ಸೊಂಟದ ತನಕ ಬೆಳೆದಿತ್ತು. ಆ ಭಾರಕ್ಕೆ ತೊಲೆ ಬಾಗಿ, ಬಾಗಿದ ಕಡೆ ನೀರು ನಿಂತು ಸೋರುತ್ತಿತ್ತು. ಅದನ್ನೆಲ್ಲ ಅವ್ವ ಅಗೆಯುವುದು, ನಾನು ಬುಟ್ಟಿ ಹೊತ್ತು ಏಣಿ ಇಳಿಯುವುದು. ಕಣ್ಣು, ಮೂಗು, ಬಾಯಿ ಎಲ್ಲ ಮಣ್ಣು. ಕಾಣದ ಅಜ್ಜಂದಿರನ್ನೆಲ್ಲ ಬುಟ್ಟಿಗೊಮ್ಮೆ ಬೈದೆ. ಉಂಡ ತಾಟು ತೊಳೆಯುವ ಮೊದಲೇ ನಿದ್ದೆ ಬರುತ್ತಿತ್ತು.

ನೇಸರಗಿಯಲ್ಲಿ ಯಾರೋ ಕೆಡವಿದ ಮನೆಯ ಹಳೆಯ ತೊಲೆಯನ್ನು ಅಪ್ಪ ಅಗ್ಗಕ್ಕೆ ತಂದ. ಗಿರಣಿಯ ಹಮಾಲರು ಬಂದು ಏರಿಸಿಕೊಟ್ಟು, ಚಹಾ ಕುಡಿದು ಹೋದರು. ಆಮೇಲೆ ಮತ್ತೆ ನಾವಿಬ್ಬರೇ. ಹೊಸ ಸವಳು ಮಣ್ಣಿಗೆ ಹೊಟ್ಟು ಬೆರೆಸಿ ನಾನು ತುಳಿದೆ. ಮೆತ್ತುವುದನ್ನು ಮಾತ್ರ ಅವ್ವ ನನಗೆ ಬಿಡಲಿಲ್ಲ. "ನಿನ್ನ ಕೈಗೆ ಹದ ಇಲ್ಲ, ಅತ್ತಾಗ ಸರಿ" ಎಂದಳು. ಮೆತ್ತಿದ್ದಾಯಿತು, ಗೋಡೆಗೆ ಸುಣ್ಣವೂ ಆಯಿತು. ಸವಳು, ಸುಣ್ಣ ಎರಡೂ ಕೂಡಿ ಅವಳ ಕೈ ತಿಂದುಹಾಕಿದವು. ಬೆರಳ ಸಂದುಗಳೆಲ್ಲ ಒಡೆದು ರಕ್ತ ಜಿನುಗುತ್ತಿತ್ತು. ಕೊಬ್ಬರಿ ಎಣ್ಣೆ ಹಚ್ಚಿ ಅರಿವೆ ಸುತ್ತಿಕೊಂಡಳು. ರೊಟ್ಟಿ ಬಡಿಯುವ ಕೆಲಸವೂ ನನ್ನ ಪಾಲಿಗೆ ಬಂತು.

ದಿನ ತುಂಬುತ್ತ ಬಂದಾಗ ಅಕ್ಕನನ್ನು ಕರೆದುಕೊಂಡು ಅವಳ ಅತ್ತೆಯೇ ಬಂದರು. ಒಳಕೋಣೆಯಲ್ಲಿ ಕತ್ತೆತ್ತಿ ಮೂಲೆಮೂಲೆ ನೋಡಿ, "ಭಾಳ ಚಲೋ ಮಾಡೀರಿ" ಎಂದರು. ಅವ್ವ ಎಷ್ಟೋ ದಿನಕ್ಕೆ ನಕ್ಕಳು. ಅದೇ ಖುಷಿಯಲ್ಲಿ ಚಹಾ ಕೊಡಲು ಹೋದಳು. ಅರಿವೆ ಬಿಚ್ಚಿದ ಬೆರಳಿಗೆ ಬಿಸಿ ತಾಗಿ ಚಹಾ ಚೆಲ್ಲಿತು. ಅತ್ತೆ ಅವ್ವನ ಕೈ ಹಿಡಿದು ತಿರುಗಿಸಿ ನೋಡಿದರು.

"ಏನ್ರಿ ಬೀಗರ ಇದು! ಈ ಕೈಲೆ ಸುಡು ನೀರಾಗ ಕೂಸಿಗೆ ಹೆಂಗ ಎರೀತೀರಿ? ಬಾಣಂತಿಗೆ ಹೆಂಗ ಎಣ್ಣಿ ತಿಕ್ಕತೀರಿ?"

"ನಾ ಎರೀತೇನಿ" ಎಂದೆ ನಾನು.

"ಲಗ್ನಾಗದ ಹುಡುಗಿಗೆ ಅದೆಲ್ಲ ಏನ ತಿಳೀತೈತಿ, ತಂಗಿ."

ಅವರು ಹಂಗಿಸಿ ಹೇಳಲಿಲ್ಲ, ಮರುಕದಿಂದಲೇ ಹೇಳಿದರು. ಜಗಳಕ್ಕೆ ನಿಂತಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವ್ವ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಅಕ್ಕ ಅವಳ ಮುಖವನ್ನೇ ನೋಡುತ್ತಿದ್ದವಳು, "ನೀ ಮೊದಲ ಆರಾಮ ಆಗವ್ವಾ" ಎಂದು ಸಂಜೆಯ ಬಸ್ಸಿಗೆ ಅತ್ತೆಯ ಜೊತೆಗೇ ಮರಳಿದಳು.

ಮಳೆ ಹಿಡಿಯಿತು. ಒಳಕೋಣೆಯಲ್ಲಿ ಒಂದು ಹನಿಯೂ ಬೀಳಲಿಲ್ಲ. ನನಗೆ ಅದಕ್ಕೂ ಸಿಟ್ಟು ಬಂತು.

ಹೆಣ್ಣು ಕೂಸು ಹುಟ್ಟಿದ ಸುದ್ದಿ ಬಂದ ಮೇಲೆ ಅವ್ವ, ನಾನು ಸವದತ್ತಿಗೆ ಹೋದೆವು. ಅಷ್ಟರಲ್ಲಿ ಅವ್ವನ ಕೈ ಮಾಯ್ದಿತ್ತು. ನಾವು ಹೋದಾಗ ಅತ್ತೆ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎರೆಯುತ್ತಿದ್ದರು. ಅವ್ವ ಹೊಸ್ತಿಲ ಮೇಲೆ ಕೂತು ನೋಡಿದಳು.

"ಬರ್ರಿ, ನೀವೂ ಒಂದ ತಂಬಿಗಿ ಹಾಕ್ರಿ" ಎಂದು ಅತ್ತೆ ಕರೆದರು.

ಅವ್ವ ಎದ್ದು ಹೋಗಿ ಒಂದು ತಂಬಿಗೆ ನೀರು ಹಾಕಿದಳು. ತಂಬಿಗೆಯನ್ನು ಅತ್ತೆಯ ಕೈಗೆ ಕೊಟ್ಟು, ಮತ್ತೆ ಹೊಸ್ತಿಲಿಗೆ ಬಂದು ಕೂತಳು.