ಪಕ್ಕದ ದ್ವೀಪದ ಗಂಡು

ಮಾಮಿಯ ಬಲಹುಬ್ಬು ಎಡಹುಬ್ಬಿಗಿಂತ ಅರ್ಧ ಬೆರಳು ಮೇಲಿತ್ತು. ಸುಮ್ಮನೆ ಅಕ್ಕಿ ಆರಿಸುತ್ತ ಕೂತಿದ್ದರೂ ‘ನಿಮ್ಮ ಹುಡುಗಿಗೆ ವಯಸ್ಸೆಷ್ಟು?’ ಎಂದು ಕೇಳಲು ಹೊರಟವರ ಹಾಗೇ ಕಾಣುತ್ತಿದ್ದರು. ಬಹಳ ಸಲ ಅದನ್ನೇ ಕೇಳುತ್ತಲೂ ಇದ್ದರು. ಪೆರಂಬೂರಿನ ನಮ್ಮ ಕಟ್ಟಡದಲ್ಲಿ ಕೆಳಮನೆ ಅವರದು, ಮೇಲ್ಮನೆ ನಮ್ಮದು. ಚೆನ್ನೈನ ಕನ್ನಡದವರಿಗೆಲ್ಲ ಗಂಡು ಹೆಣ್ಣು ಕೂಡಿಸುವುದು ಅವರಿಗೊಂದು ಹುಚ್ಚು.

ತಲೆಮಾರುಗಳಿಂದ ಇಲ್ಲೇ ಇದ್ದ ಕನ್ನಡ ಮನೆತನ ಅವರದು. ಅವರ ಬಾಯಲ್ಲಿ ನಮ್ಮ ‘ಪಕ್ಕ’ ತಮಿಳಿನ ‘ಪಕ್ಕಂ’ ಆಗಿ ಹಿಗ್ಗಿಹೋಗಿತ್ತು. ಊರಿನ ಇನ್ನೊಂದು ತುದಿಯ ತಾಂಬರಂ ಪಕ್ಕ, ಪೆರುಂಗುಡಿಯೂ ಪಕ್ಕ. ಮೈಸೂರಿನಿಂದ ಬಂದ ಹೊಸದರಲ್ಲಿ ನನ್ನ ಅಮ್ಮ ‘ಪಕ್ಕದಲ್ಲೇ’ ಇದ್ದ ಡಾಕ್ಟರನ್ನು ಹುಡುಕಿಕೊಂಡು ನಡೆದೂ ನಡೆದೂ ಸುಸ್ತಾಗಿ ಆಟೊದಲ್ಲಿ ವಾಪಸು ಬಂದಿದ್ದಳು.

ನನಗೆ ಬ್ಯಾಂಕಿನ ಕೆಲಸ ಸಿಕ್ಕಿದ್ದು ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿ. ಮಾಮಿ ಹುಡುಕಿದ ಹುಡುಗ ಲಕ್ಷದ್ವೀಪದ ಅಗತ್ತಿಯಲ್ಲಿ ಹವಾಮಾನ ನೋಡುವವನು. ಇವಳೂ ದ್ವೀಪ, ಅವನೂ ದ್ವೀಪ, ಪಕ್ಕದಲ್ಲೇ, ದೋಣಿಯಲ್ಲಿ ಹೋಗಿ ಬರಬಹುದು ಎಂದು ಅಪ್ಪನಿಗೆ ಹೇಳಿದರು. ಅಂಡಮಾನ್-ಲಕ್ಷದ್ವೀಪ ಎಂದು ಶಾಲೆಯಲ್ಲಿ ಒಂದೇ ಉಸಿರಿಗೆ ಬಾಯಿಪಾಠ ಮಾಡಿದ್ದ ಅಪ್ಪ ತಲೆಯಾಡಿಸಿದರು. ನನಗೆ ಬಂದ ಸುದ್ದಿ ‘ಪಕ್ಕದ ದ್ವೀಪದ ಗಂಡು’ ಎಂದಷ್ಟೇ. ಅಂಡಮಾನಿನದೇ ಯಾವುದೋ ನಡುಗಡ್ಡೆ ಇರಬೇಕೆಂದುಕೊಂಡೆ.

ಮೊದಲ ಸಲ ಫೋನಿನಲ್ಲಿ ಮಾತಾಡಿದಾಗ ನಮ್ಮಲ್ಲಿ ಕತ್ತಲಾಗಿ ದೀಪ ಹಾಕಿದ್ದೆ. ಆತ, ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ, ಒಳಗೆ ಹೋಗುತ್ತೇನೆ ತಾಳಿ ಎಂದ. ಗಡಿಯಾರ ಒಂದೇ, ಎಲ್ಲಿಯ ಬಿಸಿಲು! ವಿಚಾರಿಸಿದರೆ ನನ್ನದು ಬಂಗಾಳ ಕೊಲ್ಲಿ, ಆತನದು ಅರಬ್ಬೀ ಸಮುದ್ರ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಫೋನಿಡುವ ಹೊತ್ತಿಗೆ ನನಗೆ ಇವನೇ ಬೇಕು ಅನ್ನಿಸಿಬಿಟ್ಟಿತ್ತು.

ನೆಟ್ಟಗೆ ಹಾರಿದರೆ ಎರಡು ಸಾವಿರದ ಇನ್ನೂರು ಕಿಲೋಮೀಟರಿಗೂ ಮೇಲೆ, ಸುಮಾರು ಮೂರು ಗಂಟೆಯ ಹಾದಿ. ಆದರೆ ನೆಟ್ಟಗೆ ಹಾರುವ ವಿಮಾನವೇ ಇಲ್ಲ. ಪೋರ್ಟ್ ಬ್ಲೇರಿನಿಂದ ಚೆನ್ನೈ, ಚೆನ್ನೈನಿಂದ ಕೊಚ್ಚಿ, ಅಲ್ಲಿಂದ ಪುಟ್ಟ ವಿಮಾನ ಹಿಡಿದು ಅಗತ್ತಿ. ಕಾಯುವುದೂ ಸೇರಿದರೆ ಒಂದು ಹಗಲು, ಒಂದು ರಾತ್ರಿ ಹೋದಂತೆಯೇ. ಅಪ್ಪ ಈ ಸಂಬಂಧ ಕೂಡದು ಅಂದರು. ನಿವೃತ್ತಿಯಾಗಿ ತಾವು ಮೈಸೂರಿಗೆ ಹೊರಟವರು, ಇವರಿಬ್ಬರು ಆಕಾಶದಲ್ಲಿ ಸಂಸಾರ ಹೂಡುತ್ತಾರೇನು ಎಂದು ರೇಗಿದರು. ರಜೆಗೆ ಬಂದಿದ್ದ ನಾನು ಅಡುಗೆಮನೆಯಲ್ಲಿ ಅಳುತ್ತಿದ್ದೆ.

ಮಾಮಿ ಮಂಡಿನೋವಿನಲ್ಲೇ ಮೆಟ್ಟಿಲು ಹತ್ತಿ ಬಂದರು. “ತಪ್ಪು ನಂದು, ಹುಡುಗಂದಲ್ಲ,” ಎಂದು ಶುರುಮಾಡಿದರು. “ಎರಡು ಕಡೆಯಿಂದ್ಲೂ ಮದ್ರಾಸು ಪಕ್ಕ ತಾನೆ? ನಮ್ಮನೆ ಮುಂದಿನ ರೂಮು ಇವರದು. ಬಂದು ಇರ್ಲಿ.”

ಮತ್ತೆ ‘ಪಕ್ಕ’ ಕೇಳಿ ಅಪ್ಪನಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಬೇಡ ಅನ್ನುವುದು ಕಷ್ಟ.

ಹಾಗೆ ನಮ್ಮ ಸಂಸಾರ ಮಾಮಿಯ ಮುಂದಿನ ಕೋಣೆಯಲ್ಲಿ ನಡೆಯಿತು, ರಜೆ ಸಿಕ್ಕಾಗಲೆಲ್ಲ. ನನ್ನ ಗಂಡ ಬರುವ ದಿನ, ಕೊಚ್ಚಿಯಲ್ಲಿ ಮಳೆಯೇ ಎಂದು ಮಾಮಿ ಬೆಳಗಿನಿಂದ ನನ್ನ ತಲೆ ತಿನ್ನುತ್ತಿದ್ದರು. ಅಳಿಯ ಬಂದಿಳಿದನೋ, ಅವರಿಗೆ ಊರಿನ ದೇವಸ್ಥಾನಗಳೆಲ್ಲ ಒಟ್ಟಿಗೇ ನೆನಪಾಗುತ್ತಿದ್ದವು. ಬೇಡವೆಂದರೂ ತಮ್ಮ ಮಗನನ್ನು ಎಳೆದುಕೊಂಡು, ಮನೆ ನಮಗಿಬ್ಬರಿಗೇ ಬಿಟ್ಟು ಹೊರಟುಬಿಡುತ್ತಿದ್ದರು. ಹೆತ್ತವರಿಗೂ ಇಷ್ಟು ಸೂಕ್ಷ್ಮ ತಿಳಿಯುವುದಿಲ್ಲ.

ಹೋದ ವರ್ಷ ಮಾಮಿ ನಿದ್ದೆಯಲ್ಲೇ ಹೋದರು. ನಾನು ಅಂದೇ ತಲುಪಿದೆ. ಅಗತ್ತಿಯಲ್ಲಿ ಮೋಡ ಕವಿದು ಪುಟ್ಟ ವಿಮಾನ ಏಳಲಿಲ್ಲ, ನನ್ನ ಗಂಡ ಬರುವುದು ಮರುದಿನವೆಂದಾಯಿತು. ನೆಂಟರೆಲ್ಲ ಬಂದಾಯಿತಲ್ಲ, ಇನ್ನು ಯಾರಿಗೆ ಕಾಯುವುದು ಎಂದು ಪುರೋಹಿತರು ಅವಸರ ಮಾಡಿದರು.

ಮಾಮಿಯ ಮಗ ತಾಯಿಯ ಕಾಲ ಬಳಿಯಿಂದ ಏಳದೆ ತಮಿಳಿನಲ್ಲಿ, “ಇನ್ನೊರು ಪುಳ್ಳೆ ವರಣುಂ,” ಅಂದ.

ಇನ್ನೊಬ್ಬ ಮಗ ಬರಬೇಕಂತೆ. ಮಾಮಿ ಹೆತ್ತದ್ದು ಅವನೊಬ್ಬನನ್ನೇ.